ವಾಹನದ ಎಂಜಿನ್ ಅಲುಗಾಟ ಮತ್ತು ಸದ್ದು: ಕಾರಣ ಪತ್ತೆ ಮಾಡುವ ಕ್ರಮ

ಎತ್ತಿನ ಗಾಡಿ ಕಿರುಗುಟ್ಟಿದರೆ ಕೀಲೆಣ್ಣೆ ಒಣಗಿದೆಯೆಂದು ಹಿಂದೆ ಮನೆಯ ಮಕ್ಕಳಿಗೂ ತಿಳಿಯುತ್ತಿತ್ತು. ಈಗ ಆ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಪಿಕಪ್ ವಾಹನವೋ, ಜೀಪೋ, ಸೆಕೆಂಡ್ ಹ್ಯಾಂಡ್ ಕಾರೋ ನಿಂತಿರುತ್ತದೆ. ಮಾರುಕಟ್ಟೆಗೆ ತರಕಾರಿ ಸಾಗಿಸಲು, ಡೈರಿಗೆ ಹಾಲು ಹಾಕಲು, ಆಸ್ಪತ್ರೆಗೆ ಹೋಗಲು ಅದೇ ಆಧಾರ. ಅದು ಒಂದು ದಿನ ‘ಧಡ್’ ಎಂದು ಸದ್ದು ಮಾಡತೊಡಗಿದರೆ ಕಾರಣ ಮಾತ್ರ ಸುಲಭವಾಗಿ ಹೊಳೆಯುವುದಿಲ್ಲ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಟೊಮೆಟೊ ಕ್ರೇಟುಗಳನ್ನು ಹೇರಿಕೊಂಡು ಹೊರಟ ಪಿಕಪ್ ವಾಹನ ಮೊದಲನೆಯ ಗೇರಿನಲ್ಲಿ ಎಳೆಯುವಾಗ ನಡುಗುತ್ತದೆ, ಅಡಿಯಲ್ಲಿ ಏನೋ ಬಡಿದಂತಾಗುತ್ತದೆ. ಕ್ಲಚ್ ಪ್ಲೇಟು ಹೋಗಿದೆಯೆಂದು ಗೇರ್ ಬಾಕ್ಸ್ ಇಳಿಸಿ ಪ್ಲೇಟು ಬದಲಾಯಿಸುತ್ತಾರೆ. ಎರಡು ದಿನ ವಾಹನ ಗ್ಯಾರೇಜಿನಲ್ಲಿ, ಕೊಯ್ದ ಹಣ್ಣು ಹೊಲದಲ್ಲಿ. ವಾಹನ ಹೊರಬಂದ ಮೇಲೆ ನಡುಕವೂ ಬಡಿತವೂ ಹಾಗೆಯೇ ಇರುತ್ತವೆ. ಕೊನೆಗೆ ನೋಡಿದರೆ ಗೇರ್ ಬಾಕ್ಸಿನ ಕೆಳಗಿನ ಒಂದು ರಬ್ಬರು ಹರಿದಿರುತ್ತದೆ. ಕ್ಲಚ್ಚಿಗೆ ಆದ ಖರ್ಚಿನ ಮುಂದೆ ಈ ರಬ್ಬರಿನ ಬೆಲೆ ಅಲ್ಪ. ಎಂಜಿನ್ನನ್ನಾಗಲಿ ಗೇರ್ ಬಾಕ್ಸನ್ನಾಗಲಿ ಬಿಚ್ಚುವ ಮೊದಲು ಅದು ಕುಳಿತಿರುವ ಆಸನ ಗಟ್ಟಿಯಾಗಿದೆಯೇ ಎಂದು ನೋಡಬೇಕು. ಇದಕ್ಕೆ ಅರ್ಧ ಗಂಟೆ ಸಾಕು, ಖರ್ಚೂ ಇಲ್ಲ.

ಮೌಂಟಿಂಗಿನ ಕೆಲಸವೇನು?

ಕಾರು, ಜೀಪು ಮತ್ತು ಪಿಕಪ್ ವಾಹನಗಳಲ್ಲಿ ಎಂಜಿನ್ನನ್ನು ಚಾಸಿಗೆ ನೇರವಾಗಿ ಬಿಗಿದಿರುವುದಿಲ್ಲ. ಎರಡು ಕಬ್ಬಿಣದ ತಗಡುಗಳ ನಡುವೆ ರಬ್ಬರನ್ನು ಬೆಸೆದು ಮಾಡಿದ ಮೂರು ಅಥವಾ ನಾಲ್ಕು ಆಸರೆಗಳ ಮೇಲೆ ಕೂರಿಸಿರುತ್ತಾರೆ. ಇವನ್ನು ಎಂಜಿನ್ ಮೌಂಟಿಂಗ್ ಎನ್ನುತ್ತಾರೆ. ಕೆಲವು ಗ್ಯಾರೇಜುಗಳಲ್ಲಿ ಇದಕ್ಕೆ ಫೌಂಡೇಶನ್ ಎಂಬ ಹೆಸರೂ ಇದೆ.

ಎಂಜಿನ್ನಿನ ಭಾರ ಹೊರುವುದು ಇದರ ಮೊದಲ ಕೆಲಸ. ಸಣ್ಣ ಕಾರಿನ ಎಂಜಿನ್ ಮತ್ತು ಗೇರ್ ಬಾಕ್ಸು ಸೇರಿ ಸುಮಾರು ನೂರು ಕಿಲೋಗ್ರಾಂ ತೂಗಿದರೆ, ಪಿಕಪ್ ವಾಹನದ ಡೀಸೆಲ್ ಎಂಜಿನ್ ಅದರ ಎರಡು ಪಟ್ಟಿಗೂ ಹೆಚ್ಚು ತೂಗಬಹುದು. ಎಂಜಿನ್ನಿನ ನಡುಕ ಸೀಟಿಗೆ ಮುಟ್ಟದಂತೆ ತಡೆಯುವುದು ಎರಡನೆಯದು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಐಡಲ್ ಓಡುವಾಗ ನಿಮಿಷಕ್ಕೆ 1600 ಬಾರಿ, ಎಂದರೆ ಸೆಕೆಂಡಿಗೆ ಸುಮಾರು 27 ಬಾರಿ ಇಂಧನ ಉರಿಯುತ್ತದೆ. ಮೂರು ಸಿಲಿಂಡರಿನದಾದರೆ ಅದೇ ವೇಗದಲ್ಲಿ ಸೆಕೆಂಡಿಗೆ 20 ಬಾರಿ ಮಾತ್ರ. ಹೊಡೆತಗಳು ವಿರಳವಾದಷ್ಟೂ ನಡುಕ ಕೈಗೆ ಹೆಚ್ಚು ತಾಕುತ್ತದೆ. ಆದುದರಿಂದ 1983ರಿಂದ 2014ರವರೆಗೆ ತಯಾರಾದ ಮಾರುತಿ 800ರಂತಹ ಮೂರು ಸಿಲಿಂಡರಿನ ಕಾರು ನಿಂತಲ್ಲಿ ಸ್ವಲ್ಪ ನಡುಗಿದರೆ ಅದು ದೋಷವಲ್ಲ. ನಿನ್ನೆಗಿಂತ ಇಂದು ಹೆಚ್ಚು ನಡುಗಿದರೆ ಮಾತ್ರ ವಿಚಾರಿಸಬೇಕು.

ಮೂರನೆಯ ಕೆಲಸವನ್ನು ಅನೇಕರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಮೌಂಟಿಂಗ್ ಹರಿಯುವುದು ಮಾತ್ರ ಬಹುಮಟ್ಟಿಗೆ ಅದರಿಂದಲೇ. ಎಂಜಿನ್ ಚಕ್ರವನ್ನು ಒಂದು ಕಡೆಗೆ ತಿರುಗಿಸಿದಾಗ, ತಾನು ಅಷ್ಟೇ ಬಲದಿಂದ ಇನ್ನೊಂದು ಕಡೆಗೆ ಹೊರಳಲು ನೋಡುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಮೌಂಟಿಂಗ್. ಎಂಜಿನ್ ಅಡ್ಡಲಾಗಿ ಕುಳಿತು ಮುಂದಿನ ಚಕ್ರಗಳನ್ನು ಎಳೆಯುವ ಸಣ್ಣ ಕಾರೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಎಂಜಿನ್ನಿನ ತಿರುಚು ಬಲ 10 ಕಿಲೋಗ್ರಾಂ-ಮೀಟರ್ ಎಂದೂ, ಮೊದಲನೆಯ ಗೇರಿನಲ್ಲಿ ಅದು ಒಟ್ಟು 14 ಪಟ್ಟಾಗುತ್ತದೆಂದೂ ಇಟ್ಟುಕೊಂಡರೆ ಚಕ್ರಕ್ಕೆ ಮುಟ್ಟುವುದು 140. ಇಂತಹ ಕಾರಿನಲ್ಲಿ ಅಷ್ಟೂ ಹೊರಳು ಬಲ ಮೌಂಟಿಂಗಿನ ಮೇಲೆಯೇ ಬೀಳುತ್ತದೆ. ಎರಡು ಮೌಂಟಿಂಗುಗಳ ನಡುವೆ 70 ಸೆಂಟಿಮೀಟರ್ ಅಂತರವಿದ್ದರೆ ಒಂದೊಂದರ ಮೇಲೂ ಸುಮಾರು 200 ಕಿಲೋಗ್ರಾಂ ಭಾರದಷ್ಟು ಎಳೆತ ಬಂದಂತಾಯಿತು. ಎಂಜಿನ್ನಿನ ಸ್ವಂತ ತೂಕಕ್ಕಿಂತ ಇದೇ ದೊಡ್ಡದು. ಜೀಪು, ಪಿಕಪ್ಪುಗಳಲ್ಲಿ ಎಂಜಿನ್ ಉದ್ದುದ್ದವಾಗಿದ್ದು ಹಿಂದಿನ ಚಕ್ರ ತಿರುಗುವುದರಿಂದ ಹೊರಳು ಬಲದ ದೊಡ್ಡ ಪಾಲನ್ನು ಹಿಂದಿನ ಅಚ್ಚು ಮತ್ತು ಅದರ ಸ್ಪ್ರಿಂಗು ಹೊರುತ್ತವೆ. ಮೌಂಟಿಂಗಿಗೆ ಬರುವುದು ಗೇರ್ ಬಾಕ್ಸಿನಿಂದ ಹೊರಬೀಳುವ ಬಲದಷ್ಟು ಮಾತ್ರ. ಹಾಗಿದ್ದರೂ ಹೇರು ಹೆಚ್ಚಿದ್ದು, ದಾರಿ ಹದಗೆಟ್ಟಿದ್ದರೆ ಅದೂ ಕಡಿಮೆಯೇನಲ್ಲ.

ಎಂಜಿನ್ನನ್ನು ರಬ್ಬರಿನ ಮೇಲೆ ಕೂರಿಸುವುದರಲ್ಲಿ 1931ರ ಪ್ಲಿಮತ್ ಕಾರು ಹೆಸರಾಯಿತು. ಅಮೆರಿಕದ ಕ್ರೈಸ್ಲರ್ ಕಂಪನಿಯವರು ಅದರ ಎಂಜಿನ್ನಿನ ಮುಂದಿನ ಆಸರೆಯನ್ನು ಮೇಲಕ್ಕೂ ಹಿಂದಿನದನ್ನು ಕೆಳಕ್ಕೂ ಇಟ್ಟು, ಎಂಜಿನ್ ತನ್ನ ತೂಕದ ನಡುಗೆರೆಯ ಸುತ್ತಲೇ ತೂಗಾಡುವಂತೆ ಮಾಡಿದರು. ನಾಲ್ಕು ಸಿಲಿಂಡರಿನ ಆ ಕಾರು ಆಗಿನ ಕಾಲಕ್ಕೆ ಬಹಳ ನಯವಾಗಿ ಓಡುತ್ತಿತ್ತು.

ರಬ್ಬರು ಕೆಡುವ ಬಗೆ

ಮೌಂಟಿಂಗಿಗೆ ಇಂದಿಗೂ ಹೆಚ್ಚಾಗಿ ಬಳಸುವುದು ಸ್ವಾಭಾವಿಕ ರಬ್ಬರನ್ನು. ಸುಳ್ಯ, ಬೆಳ್ತಂಗಡಿ ಕಡೆಯ ತೋಟಗಳಲ್ಲಿ ಹಾಲು ಇಳಿಸುವುದು ಅದೇ ಜಾತಿಯ ಮರದಿಂದ. ಎಳೆತ, ಒತ್ತಡಗಳನ್ನು ಲಕ್ಷಾಂತರ ಬಾರಿ ತಡೆಯುವ ಗುಣ ಇದಕ್ಕಿದೆ. ಇದಕ್ಕೆ ಆಗದಿರುವುದು ಎರಡು: ಬಿಸಿ ಮತ್ತು ಖನಿಜ ತೈಲ. ಬಿಸಿಯಿಂದ ರಬ್ಬರು ವರ್ಷಗಳು ಕಳೆದಂತೆ ಗಡುಸಾಗಿ ಬಿರುಕು ಬಿಡುತ್ತದೆ. ಎಂಜಿನ್ ಆಯಿಲ್, ಡೀಸೆಲ್, ಸೀಮೆಎಣ್ಣೆ, ಗ್ರೀಸು ತಾಗಿದರೆ ಉಬ್ಬಿ ಮೆತ್ತಗಾಗಿ, ಕೊನೆಗೆ ತಗಡಿನಿಂದ ಕಳಚಿಕೊಳ್ಳುತ್ತದೆ. ಗಾಡಿಯ ಕೀಲಿಗೆ ಎಣ್ಣೆ ಹಿತ, ಈ ರಬ್ಬರಿಗೆ ಅದೇ ವಿಷ.

ಹಳ್ಳಿಗಳಲ್ಲಿ ರೂಢಿಯಲ್ಲಿರುವ ಎರಡು ಪದ್ಧತಿಗಳು ಈ ಕಾರಣದಿಂದ ಬಿಡತಕ್ಕವು. ಹಬ್ಬದ ಮುಂಚೆ ಎಂಜಿನ್ನನ್ನು ಡೀಸೆಲ್ ಅಥವಾ ಸೀಮೆಎಣ್ಣೆಯಿಂದ ತೊಳೆದು ಹೊಳಪು ಬರಿಸುವುದು ಒಂದು. ಕಿರುಗುಟ್ಟುವ ರಬ್ಬರ್ ಬುಶ್ಶಿಗೆ ಹಳೆಯ ಆಯಿಲ್ ಬಿಡುವುದು ಇನ್ನೊಂದು. ಸದ್ದು ಒಂದು ವಾರ ನಿಲ್ಲುತ್ತದೆ, ಆಮೇಲೆ ಬುಶ್ಶೇ ಇರುವುದಿಲ್ಲ. ಎಂಜಿನ್ ತೊಳೆಯಬೇಕಾದರೆ ಅದು ತಣ್ಣಗಾದ ಮೇಲೆ ಸೋಪಿನ ನೀರು ಮತ್ತು ಬ್ರಷ್ಷು ಸಾಕು. ವಿದ್ಯುತ್ ಜೋಡಣೆಗಳ ಮೇಲೆ ನೀರು ಹೊಡೆಯಬಾರದು.

ಟ್ಯಾಪೆಟ್ ಕವರಿನ ಪ್ಯಾಕಿಂಗ್ ಸೋರಿ ಆಯಿಲ್ ಹನಿಹನಿಯಾಗಿ ಕೆಳಗಿನ ಮೌಂಟಿಂಗಿನ ಮೇಲೆ ಬೀಳುವುದು ಬಹಳ ಸಾಮಾನ್ಯ. ಸೋರಿಕೆ ನಿಲ್ಲಿಸದೆ ಮೌಂಟಿಂಗ್ ಮಾತ್ರ ಹಾಕಿಸಿದರೆ ಹೊಸದೂ ಬೇಗನೆ ಹಾಳಾಗುತ್ತದೆ. ಇನ್ನು ಓಡಿಸುವ ರೀತಿ. ಎರೆ ಭೂಮಿಯ ಕೆಸರಿನಲ್ಲಿ ಹೂತ ವಾಹನವನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಗೇರು ಬದಲಿಸುತ್ತ ಜಗ್ಗುವಾಗ ರಬ್ಬರು ಎರಡೂ ಕಡೆಗೆ ಥಟ್ಟನೆ ಎಳೆಯಲ್ಪಡುತ್ತದೆ. ಹೇರಿನೊಂದಿಗೆ ಏರಿನಲ್ಲಿ ಕ್ಲಚ್ಚನ್ನು ಒಮ್ಮೆಗೇ ಬಿಡುವುದೂ ಇಂತಹುದೇ ಪೆಟ್ಟು. ಮಲೆನಾಡಿನ ತೋಟದ ಜೀಪುಗಳಲ್ಲಿ ಬಿಸಿ, ಆಯಿಲ್, ಜಗ್ಗಾಟ ಮೂರೂ ಸೇರುವುದರಿಂದ ಅಲ್ಲಿ ಮೌಂಟಿಂಗುಗಳನ್ನು ವರ್ಷಕ್ಕೊಮ್ಮೆಯಾದರೂ ನೋಡುವುದು ಒಳ್ಳೆಯದು.

ಹೊಸ ಮಾದರಿಯ ಕೆಲವು ಕಾರುಗಳಲ್ಲಿ ರಬ್ಬರಿನ ಒಳಗೆ ದ್ರವ ತುಂಬಿದ ಮೌಂಟಿಂಗ್ ಇರುತ್ತದೆ. ಅದು ಒಡೆದರೆ ಸುತ್ತಲೂ ಕಪ್ಪು ತೇವದ ಕಲೆ ಕಾಣುತ್ತದೆ. ಅದಕ್ಕೆ ದ್ರವ ತುಂಬಿ ರಿಪೇರಿ ಮಾಡಲು ಬರುವುದಿಲ್ಲ, ಬದಲಾಯಿಸಬೇಕಾಗುತ್ತದೆ.

ಸದ್ದು ಎಂತಹುದು ಎನ್ನುವುದಕ್ಕಿಂತ ಯಾವಾಗ ಎನ್ನುವುದು ಮುಖ್ಯ

‘ಕಟಕಟ’, ‘ಗಡಗಡ’, ‘ಟಣ್’ ಎಂದು ಒಬ್ಬೊಬ್ಬರು ಒಂದೊಂದು ರೀತಿ ವರ್ಣಿಸುವುದರಿಂದ ಸದ್ದಿನ ಹೆಸರಿನ ಮೇಲೆ ತೀರ್ಮಾನಕ್ಕೆ ಬರಲಾಗದು. ಕಬ್ಬಿಣದ ಮೂಲಕ ಸದ್ದು ದೂರ ಹರಿಯುವುದರಿಂದ ಅದು ಎಲ್ಲಿಂದ ಬಂತೆಂಬುದರಲ್ಲಿಯೂ ಕಿವಿ ಮೋಸ ಹೋಗುತ್ತದೆ. ಗೇರ್ ಬಾಕ್ಸಿನ ರಬ್ಬರಿನ ಬಡಿತ ಚಾಲಕನ ಸೀಟಿನ ಕೆಳಗೆ ಬಂದಂತೆ ಕೇಳಿಸಬಹುದು. ಆದರೆ ಸದ್ದು ಬರುವ ಹೊತ್ತು ಸುಳ್ಳು ಹೇಳುವುದಿಲ್ಲ.

ಮೊದಲು ಕೇಳಿಕೊಳ್ಳಬೇಕಾದದ್ದು: ವಾಹನ ನಿಂತಾಗಲೂ ಸದ್ದು ಇದೆಯೇ, ಓಡುವಾಗ ಮಾತ್ರವೇ? ನಿಂತಲ್ಲಿಯೇ ಇದ್ದರೆ ಚಕ್ರ, ಅಚ್ಚು, ಪ್ರೊಪೆಲ್ಲರ್ ಶಾಫ್ಟುಗಳನ್ನು ಬಿಟ್ಟುಬಿಡಬಹುದು. ಓಡುವಾಗ ಮಾತ್ರ ಇದ್ದರೆ, ಸಮತಟ್ಟಾದ ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತ ಗೇರನ್ನು ಮೂರರಿಂದ ನಾಲ್ಕಕ್ಕೆ ಬದಲಿಸಿ ನೋಡಬೇಕು. ಗೇರಿನೊಡನೆ ಸದ್ದಿನ ಲಯ ಬದಲಾದರೆ ಅದು ಎಂಜಿನ್ ಕಡೆಯದು, ಬದಲಾಗದಿದ್ದರೆ ಚಕ್ರದ ಕಡೆಯದು. ಅನಂತರ, ಆಕ್ಸಿಲರೇಟರ್ ಒತ್ತಿದಾಗ ಮತ್ತು ಬಿಟ್ಟಾಗ ಬದಲಾಗುತ್ತದೆಯೇ, ತಿರುವಿನಲ್ಲಿ ಹೆಚ್ಚುತ್ತದೆಯೇ, ಹಂಪಿನ ಮೇಲೆ ಮಾತ್ರ ಬರುತ್ತದೆಯೇ ಎಂಬುದನ್ನು ಗಮನಿಸತಕ್ಕದ್ದು. ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮೆಕ್ಯಾನಿಕ್ಕರಿಗೆ ತೋರಿಸಿದರೆ ಅವರ ಕೆಲಸವೂ ಹಗುರ. ವಾಹನವನ್ನು ಗ್ಯಾರೇಜಿಗೆ ಒಯ್ದ ದಿನವೇ ಸದ್ದು ಮಾಯವಾಗುವುದು ಎಲ್ಲರ ಅನುಭವ. ಆಗ ಆ ಚೀಟಿಯೇ ಸಾಕ್ಷಿ.

ಹರಿದ ಮೌಂಟಿಂಗಿನ ಗುರುತು ಹೀಗಿರುತ್ತದೆ. ಎಂಜಿನ್ ಚಾಲೂ ಮಾಡಿದ ಕ್ಷಣ ಮತ್ತು ನಿಲ್ಲಿಸಿದ ಕ್ಷಣ ಒಂದು ಒದೆತ, ‘ಧಡ್’ ಎಂಬ ಬಡಿತ. ಮೊದಲನೆಯ ಅಥವಾ ರಿವರ್ಸ್ ಗೇರಿನಲ್ಲಿ ಕ್ಲಚ್ ಬಿಡುವಾಗ ಅದೇ ಬಡಿತ. ಆಕ್ಸಿಲರೇಟರ್ ಒತ್ತಿದಾಗ ಒಮ್ಮೆ, ಕಾಲು ತೆಗೆದಾಗ ಇನ್ನೊಮ್ಮೆ. ಘಟ್ಟ ಇಳಿಯುವಾಗ ಎಂಜಿನ್ ವಾಹನವನ್ನು ತಡೆಯುತ್ತಿರುವುದರಿಂದ ಹೊರಳುವ ದಿಕ್ಕು ತಿರುವುಮುರುವಾಗುತ್ತದೆ, ಏರಿನಲ್ಲಿ ಸುಮ್ಮನಿದ್ದ ಮೌಂಟಿಂಗ್ ಇಳಿಜಾರಿನಲ್ಲಿ ಬಡಿಯುವುದುಂಟು. ಗೇರ್ ಲಿವರ್ ತಾನಾಗಿ ಹಿಂದೆ ಮುಂದೆ ಕದಲುವುದು, ಕೆಲವೊಮ್ಮೆ ಗೇರು ಕಳಚಿಕೊಳ್ಳುವುದು, ಕ್ಲಚ್ ಬಿಡುವಾಗ ವಾಹನ ಕುಣಿಯುವುದು ಇವೂ ಇದೇ ದೋಷದಿಂದ ಬರಬಹುದು. ಎಂಜಿನ್ ಸರಿದಾಡಿದಂತೆ ಕ್ಲಚ್ ಕೇಬಲ್ಲೂ ಎಳೆದು ಸಡಿಲಾಗುವುದೇ ಕಾರಣ.

ರಬ್ಬರು ಹರಿಯದೆ ಗಡುಸಾಗಿದ್ದರೆ ಲಕ್ಷಣ ಬೇರೆ. ಬಡಿತವಿರುವುದಿಲ್ಲ. ಸ್ಟೇರಿಂಗ್, ಸೀಟು, ಡ್ಯಾಶ್‌ಬೋರ್ಡುಗಳೆಲ್ಲ ಐಡಲ್ ವೇಗದಲ್ಲಿ ಝುಮ್ಮೆಂದು ಕಂಪಿಸಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟೊಡನೆ ಕಂಪನ ಕಡಿಮೆಯಾಗುತ್ತದೆ. ಏಸಿ ಇರುವ ವಾಹನದಲ್ಲಿ ಅದನ್ನು ಹಾಕಿದಾಗ ಹೆಚ್ಚುತ್ತದೆ. ಈ ಎರಡು ಬಗೆಯ ಕೇಡನ್ನು ಒಂದೇ ಎಂದು ತಿಳಿಯುವುದರಿಂದಲೇ ‘ರಬ್ಬರು ಹರಿದಿಲ್ಲ, ಸರಿಯಾಗಿದೆ’ ಎಂಬ ತಪ್ಪು ಉತ್ತರ ದೊರೆಯುತ್ತದೆ.

ಬಾನೆಟ್ ತೆರೆದು ನೋಡುವುದು

ಮೊದಲು ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಟಾರ್ಚ್ ಹಿಡಿದು ಒಂದೊಂದು ಮೌಂಟಿಂಗನ್ನೂ ನೋಡಬೇಕು. ಮೇಲ್ಮೈಯ ಕೂದಲೆಳೆಯ ಬಿರುಕುಗಳಿಗೆ ಹೆದರಬೇಕಾಗಿಲ್ಲ, ಹಳೆಯ ರಬ್ಬರಿನಲ್ಲಿ ಅವು ಇದ್ದೇ ಇರುತ್ತವೆ. ಆಳವಾಗಿ ಸೀಳಿರುವುದು, ರಬ್ಬರು ತಗಡಿನಿಂದ ಬಿಟ್ಟಿರುವುದು, ಒಂದು ಪಕ್ಕಕ್ಕೆ ಕುಸಿದಿರುವುದು, ಎಣ್ಣೆ ಕುಡಿದು ಉಬ್ಬಿರುವುದು ಇವು ದೋಷಗಳು. ಕಬ್ಬಿಣಕ್ಕೆ ಕಬ್ಬಿಣ ತಾಗಿ ಹೊಳೆಯುವ ಜಾಗ ಕಂಡರೆ ಬಡಿತ ಅಲ್ಲಿಂದಲೇ ಎಂದು ನಿಶ್ಚಯಿಸಬಹುದು. ಬೋಲ್ಟಿನ ತಲೆಯ ಸುತ್ತ ಕಂದು ಬಣ್ಣದ ತುಕ್ಕಿನ ಪುಡಿ ಕಂಡರೆ ರಬ್ಬರು ಗಟ್ಟಿಯಿದ್ದರೂ ಬೋಲ್ಟು ಸಡಿಲವಾಗಿ ಉಜ್ಜುತ್ತಿದೆ ಎಂದರ್ಥ. ಎಷ್ಟೋ ವಾಹನಗಳಿಗೆ ಬೇಕಾಗಿರುವುದು ಒಂದು ಸ್ಪ್ಯಾನರ್ ಮಾತ್ರ.

ಎರಡನೆಯ ಪರೀಕ್ಷೆಗೆ ಓಡಿಸಲು ಚೆನ್ನಾಗಿ ಬಲ್ಲ ಒಬ್ಬರ ನೆರವು ಬೇಕು. ವಾಹನವನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಎರಡೂ ಕಡೆ ಮರದ ದಿಮ್ಮಿ ಕೊಡಬೇಕು. ಮುಂದಾಗಲಿ ಹಿಂದಾಗಲಿ ಯಾರೂ ನಿಲ್ಲಕೂಡದು, ನೋಡುವವರು ಪಕ್ಕದಿಂದ ನೋಡಬೇಕು. ಟವೆಲ್ಲು, ಸಡಿಲ ತೋಳು, ಪಂಚೆಯ ಅಂಚು ಫ್ಯಾನು ಮತ್ತು ಬೆಲ್ಟಿನ ಹತ್ತಿರ ಹೋಗದಂತೆ ಎಚ್ಚರ ವಹಿಸಬೇಕು. ರೇಡಿಯೇಟರಿನ ವಿದ್ಯುತ್ ಫ್ಯಾನು ಎಂಜಿನ್ ನಿಂತಿದ್ದಾಗಲೂ ಇದ್ದಕ್ಕಿದ್ದಂತೆ ತಿರುಗಬಹುದೆಂಬುದನ್ನು ಮರೆಯಬಾರದು. ಚಾಲಕರು ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಮೊದಲನೆಯ ಗೇರಿನಲ್ಲಿ ಕ್ಲಚ್ಚನ್ನು ಎಂಜಿನ್ನಿಗೆ ಸ್ವಲ್ಪ ಭಾರ ಬೀಳುವವರೆಗೆ ಮಾತ್ರ ಬಿಟ್ಟು ಮತ್ತೆ ಒತ್ತಬೇಕು. ಒಂದೆರಡು ಕ್ಷಣ ಸಾಕು. ಹೆಚ್ಚು ಹೊತ್ತು ಹಿಡಿದರೆ ಕ್ಲಚ್ ಪ್ಲೇಟು ಸುಡುತ್ತದೆ. ಅನಂತರ ರಿವರ್ಸ್ ಗೇರಿನಲ್ಲಿ ಹಾಗೆಯೇ.

ಆರೋಗ್ಯವಾಗಿರುವ ಎಂಜಿನ್ ಸ್ವಲ್ಪ ಓರೆಯಾಗಿ ಮೆಲ್ಲನೆ ಮರಳುತ್ತದೆ. ಹರಿದ ಮೌಂಟಿಂಗ್ ಇದ್ದರೆ ಒಂದು ಪಕ್ಕ ಎದ್ದು ‘ಧಡ್’ ಎಂದು ಕೂರುತ್ತದೆ. ಎದ್ದಾಗ ರಬ್ಬರಿನ ಸೀಳು ಬಾಯಿ ತೆರೆಯುವುದು ಕಣ್ಣಿಗೇ ಕಾಣುತ್ತದೆ. ಉದ್ದುದ್ದ ಕುಳಿತ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಮುಂದಿನ ಗೇರುಗಳಲ್ಲಿ ವಾಹನದ ಎಡಪಕ್ಕವೂ ರಿವರ್ಸಿನಲ್ಲಿ ಬಲಪಕ್ಕವೂ ಮೇಲೇಳಲು ನೋಡುತ್ತವೆ. ಬಡಿತ ಮುಂದಿನ ಗೇರಿನಲ್ಲಿ ಮಾತ್ರ ಇದ್ದರೆ ಎಡಗಡೆಯದನ್ನು ಮೊದಲು ಅನುಮಾನಿಸಬೇಕು. ಅಡ್ಡಲಾಗಿ ಕುಳಿತ ಎಂಜಿನ್ನುಗಳಲ್ಲಿ ಹೊರಳಾಟ ಮುಂದಕ್ಕೂ ಹಿಂದಕ್ಕೂ ಇರುವುದರಿಂದ ಎಂಜಿನ್ನಿನ ಹಿಂಭಾಗದಲ್ಲಿ ಅಥವಾ ಕೆಳಗೆ ಇರುವ ಚಿಕ್ಕ ಸರಳಿನಂತಹ ಮೌಂಟಿಂಗನ್ನು ಮೊದಲು ನೋಡಬೇಕು, ಎಳೆತವೆಲ್ಲ ಅದಕ್ಕೇ.

ವಿಸ್ತರಣಾ ಕಾರ್ಯಕರ್ತರು ಗ್ರಾಮಗಳಲ್ಲಿ ಯಂತ್ರಗಳ ಬಗ್ಗೆ ತರಬೇತಿ ನಡೆಸುವಾಗ ಒಂದು ಹೊಸ ವಾಹನವನ್ನೂ ಒಂದು ಹಳೆಯ ವಾಹನವನ್ನೂ ಅಕ್ಕಪಕ್ಕ ನಿಲ್ಲಿಸಿ ಈ ಪರೀಕ್ಷೆಯನ್ನು ತೋರಿಸಿದರೆ ಹತ್ತು ಪುಟದ ವಿವರಣೆಗಿಂತ ಚೆನ್ನಾಗಿ ಮನದಟ್ಟಾಗುತ್ತದೆ.

ಮೌಂಟಿಂಗಿನಂತೆಯೇ ತೋರುವ ಇತರ ದೋಷಗಳು

ಐಡಲಿನ ನಡುಕಕ್ಕೆ ಮೌಂಟಿಂಗ್ ಒಂದೇ ಕಾರಣವಲ್ಲ. ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೂ ಎಂಜಿನ್ ನಡುಗುತ್ತದೆ. ಇವೆರಡನ್ನು ಬೇರ್ಪಡಿಸಲು ಸೈಲೆನ್ಸರ್ ಕೊಳವೆಯ ಬಾಯಿಂದ ಒಂದು ಗೇಣು ದೂರದಲ್ಲಿ ಅಂಗೈ ಹಿಡಿಯಬೇಕು. ಹೊಗೆ ಒಂದೇ ಸಮನೆ ಬರುತ್ತಿದ್ದು ಎಂಜಿನ್ ನಡುಗುತ್ತಿದ್ದರೆ ಮೌಂಟಿಂಗನ್ನು ನೋಡಬೇಕು. ನಡುನಡುವೆ ತಪ್ಪಿ ‘ಪುಸ್’ ಎನ್ನುತ್ತಿದ್ದರೆ ದೋಷ ಇಂಜೆಕ್ಟರ್, ಸ್ಪಾರ್ಕ್ ಪ್ಲಗ್ ಅಥವಾ ವಾಲ್ವಿನದು. ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಇಂಜೆಕ್ಟರಿನ ಪೈಪಿನ ನಟ್ಟನ್ನು ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆಯೆಂದು ನೋಡುವ ರೂಢಿಯಿದೆ. ಕಾಮನ್ ರೈಲ್ ಡೀಸೆಲ್ ಎಂಜಿನ್ನಿನಲ್ಲಿ ಇದನ್ನು ಎಂದಿಗೂ ಮಾಡಬಾರದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರು, ಪಿಕಪ್ಪುಗಳೂ ಈ ಬಗೆಯವೇ. ಅದರ ಪೈಪಿನಲ್ಲಿರುವ ಒತ್ತಡ ವಾತಾವರಣದ ಒತ್ತಡದ ಸಾವಿರ ಪಟ್ಟಿಗೂ ಮೀರುತ್ತದೆ. ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿ ಒಳಹೊಕ್ಕು ಕೈ ಕಳೆದುಕೊಳ್ಳುವಂತೆ ಮಾಡಬಲ್ಲದು.

ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಎಳೆಯುವಾಗ ಮಾತ್ರ ‘ಕಟಕಟ’ ಬಂದರೆ ಮುಂದಿನ ಡ್ರೈವ್ ಶಾಫ್ಟಿನ ಜಾಯಿಂಟು ಸವೆದಿದೆ. ಹಂಪು, ಗುಂಡಿಗಳಲ್ಲಿ ಮಾತ್ರ ಬರುವ ಬಡಿತ ಸಸ್ಪೆನ್ಷನ್ ಬುಶ್, ಬಾಲ್ ಜಾಯಿಂಟ್ ಅಥವಾ ಶಾಕ್ ಅಬ್ಸಾರ್ಬರಿನದು. ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ವಾಲುವುದರಿಂದ ಅದನ್ನು ಮುಂದೂಡುವಂತಿಲ್ಲ. ವೇಗದೊಡನೆ ಏರುವ ಗುಂಯ್‌ಗುಡುವಿಕೆ ತಿರುವಿನಲ್ಲಿ ಹೆಚ್ಚು ಕಡಿಮೆಯಾದರೆ ವೀಲ್ ಬೇರಿಂಗ್. ಜೀಪು, ಪಿಕಪ್ಪುಗಳಲ್ಲಿ ಎಳೆತ ಹಿಡಿದ ಕ್ಷಣ ‘ಟಿಣ್’ ಎಂಬ ಸಣ್ಣ ಸದ್ದು, ವೇಗದಲ್ಲಿ ನೆಲದಡಿಯ ಕಂಪನ ಇದ್ದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಅಥವಾ ನಡುವಿನ ಬೇರಿಂಗನ್ನು ಕೈಯಿಂದ ತಿರುಚಿ ನೋಡಬೇಕು, ಎಂಜಿನ್ ನಿಲ್ಲಿಸಿ ಚಕ್ರಗಳಿಗೆ ದಿಮ್ಮಿ ಕೊಟ್ಟ ಮೇಲೆ. ಬೆಳಿಗ್ಗೆ ಚಾಲೂ ಮಾಡಿದೊಡನೆ ಚೀರುವುದು ಸಡಿಲ ಫ್ಯಾನ್ ಬೆಲ್ಟು.

ದೊಡ್ಡ ದೋಷಗಳನ್ನು ಹುಡುಕುವ ಮುಂಚೆ ಸಣ್ಣವನ್ನು ಕಳೆಯಬೇಕು. ಸೀಟಿನಡಿಯ ಜಾಕು, ಸಡಿಲವಾದ ಬ್ಯಾಟರಿ, ಹಿಂಬಾಗಿಲಿನ ಸರಪಳಿ, ಟೈರಿನ ಗೀರಿಗೆ ಸಿಕ್ಕಿದ ಕಲ್ಲು, ಸೈಲೆನ್ಸರಿನ ತೂಗುರಬ್ಬರು ಇವು ಮಾಡುವ ಸದ್ದು ಎಂಜಿನ್ನಿನ ಕೊನೆಗಾಲ ಬಂತೆಂಬ ಭ್ರಮೆ ಹುಟ್ಟಿಸುತ್ತದೆ.

ಒಂದು ಸದ್ದಿಗೆ ಮಾತ್ರ ಪರೀಕ್ಷೆ, ಚೀಟಿ ಯಾವುದೂ ಬೇಡ. ಎಂಜಿನ್ನಿನ ಹೊಟ್ಟೆಯೊಳಗಿನಿಂದ ಸುತ್ತಿಗೆಯಲ್ಲಿ ಹೊಡೆದಂತಹ ಭಾರವಾದ ಬಡಿತ ಬಂದು, ವೇಗ ಮತ್ತು ಹೇರು ಹೆಚ್ಚಿದಂತೆ ಅದೂ ಹೆಚ್ಚಿದರೆ, ಅಥವಾ ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿದರೆ, ಕೂಡಲೇ ಎಂಜಿನ್ ನಿಲ್ಲಿಸಬೇಕು. ಅದು ಬೇರಿಂಗಿನ ಸದ್ದು. ಮುಂದಿನ ಊರಿನವರೆಗೆ ಹೋಗೋಣವೆಂದು ಓಡಿಸಿದರೆ ಕ್ರ್ಯಾಂಕ್ ಶಾಫ್ಟು ಹಾಳಾಗುತ್ತದೆ.

ಉಪೇಕ್ಷಿಸಿದರೆ ಆಗುವ ಅಪಾಯ

ಹರಿದ ಮೌಂಟಿಂಗಿನಲ್ಲಿ ವಾಹನ ಓಡುತ್ತದೆ, ಆದುದರಿಂದಲೇ ಜನ ಅದನ್ನು ಮುಂದೂಡುತ್ತಾರೆ. ಆದರೆ ಒಂದು ಹರಿದರೆ ಅದರ ಪಾಲಿನ ಎಳೆತ ಉಳಿದವುಗಳ ಮೇಲೆ ಬಿದ್ದು ಅವೂ ಬೇಗ ಹರಿಯುತ್ತವೆ. ಎಂಜಿನ್ ಸರಿದಾಡುವಾಗ ಸೈಲೆನ್ಸರ್ ಕೊಳವೆ ಬಿರಿಯುತ್ತದೆ, ರೇಡಿಯೇಟರಿನ ರಬ್ಬರ್ ಕೊಳವೆ ಮತ್ತು ಇಂಧನದ ಪೈಪು ಉಜ್ಜಿ ತೂತಾಗುತ್ತವೆ, ಜೀಪಿನಂತಹ ವಾಹನದಲ್ಲಿ ಫ್ಯಾನಿನ ರೆಕ್ಕೆ ರೇಡಿಯೇಟರಿಗೇ ತಾಗಬಹುದು.

ಇದಕ್ಕಿಂತ ಗಂಭೀರವಾದ ಪ್ರಸಂಗ ಅಮೆರಿಕದಲ್ಲಿ ನಡೆದಿದೆ. 1960ರ ದಶಕದ ಷೆವ್ರೊಲೆ ಕಾರು ಮತ್ತು ಸಣ್ಣ ಟ್ರಕ್ಕುಗಳಲ್ಲಿ ಮೌಂಟಿಂಗಿನ ರಬ್ಬರು ಬಿಟ್ಟುಹೋದಾಗ ಎಂಜಿನ್ ಒಂದು ಪಕ್ಕಕ್ಕೆ ಎದ್ದು, ಆಕ್ಸಿಲರೇಟರಿನ ಸಲಾಕೆಯನ್ನು ತಾನೇ ಎಳೆದುಕೊಳ್ಳುತ್ತಿತ್ತು. ಎಂಜಿನ್ ಎದ್ದಷ್ಟೂ ವೇಗ, ವೇಗ ಹೆಚ್ಚಿದಷ್ಟೂ ಎಂಜಿನ್ ಏಳುವುದು. 1971ರ ಡಿಸೆಂಬರಿನಲ್ಲಿ ಜನರಲ್ ಮೋಟಾರ್ಸ್ ಕಂಪನಿ ಸುಮಾರು 67 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಿ, ಎಂಜಿನ್ ಮೇಲೇಳದಂತೆ ಒಂದೊಂದಕ್ಕೂ ತಂತಿಯ ಹಗ್ಗ ಕಟ್ಟಿಕೊಡಬೇಕಾಯಿತು. ಈಗಿನ ಮೌಂಟಿಂಗುಗಳನ್ನು ರಬ್ಬರು ಹರಿದರೂ ಎಂಜಿನ್ ಹೆಚ್ಚು ಏಳದಂತೆ ಕಬ್ಬಿಣದ ತಡೆಯೊಂದಿಗೆ ರಚಿಸಿರುತ್ತಾರೆ. ಆ ‘ಧಡ್’ ಎಂಬ ಸದ್ದು ಅನೇಕ ವೇಳೆ ಈ ತಡೆಗೆ ಬಡಿಯುವ ಸದ್ದೇ ಆಗಿರುತ್ತದೆ.

ಟ್ರಾಕ್ಟರ್, ಟಿಲ್ಲರ್ ಮತ್ತು ಪಂಪ್‌ಸೆಟ್

ಸಾಮಾನ್ಯ ಟ್ರಾಕ್ಟರಿನಲ್ಲಿ ಎಂಜಿನ್, ಕ್ಲಚ್ ಮನೆ, ಗೇರ್ ಬಾಕ್ಸು, ಹಿಂದಿನ ಅಚ್ಚು ಒಂದಕ್ಕೊಂದು ಬೋಲ್ಟಿನಿಂದ ಬಿಗಿದು ಬೆನ್ನೆಲುಬಿನಂತೆ ಇರುತ್ತವೆ. ಅಲ್ಲಿ ಎಂಜಿನ್ನಿನ ಕೆಳಗೆ ರಬ್ಬರ್ ಮೌಂಟಿಂಗ್ ಇರುವುದೇ ಇಲ್ಲ. ಬಡಿತ ಬಂದರೆ ಎಂಜಿನ್ ಮತ್ತು ಕ್ಲಚ್ ಮನೆಯ ನಡುವಿನ ಬೋಲ್ಟು, ಮುಂದಿನ ಅಚ್ಚಿನ ಆಸರೆಯ ಬೋಲ್ಟುಗಳನ್ನು ನೋಡಬೇಕು. ಪವರ್ ಟಿಲ್ಲರಿನಲ್ಲಿ ಎಂಜಿನ್ ತಳದ ಬೋಲ್ಟು ಸಡಿಲವಾದರೆ ಎಂಜಿನ್ ಸರಿದು ವಿ-ಬೆಲ್ಟು ಜಾರುತ್ತದೆ. ಬೆಲ್ಟನ್ನೇ ಮತ್ತೆ ಮತ್ತೆ ಬಿಗಿದರೆ ಪ್ರಯೋಜನವಿಲ್ಲ. ಡೀಸೆಲ್ ಪಂಪ್‌ಸೆಟ್ಟಿನಲ್ಲಿ ಕಾಂಕ್ರೀಟ್ ತಳದ ಬೋಲ್ಟು ಸಡಿಲವಾಗಿ, ಎಂಜಿನ್ ಮತ್ತು ಪಂಪಿನ ಶಾಫ್ಟುಗಳು ಒಂದೇ ಗೆರೆಯಲ್ಲಿ ಇಲ್ಲದಂತಾದರೆ ಕಪ್ಲಿಂಗಿನ ರಬ್ಬರು ಪುಡಿಯಾಗಿ ಕೆಳಗೆ ಉದುರುತ್ತದೆ. ಆ ಕರಿಯ ಪುಡಿಯೇ ಗುರುತು.

ಬದಲಾಯಿಸುವಾಗ ಗಮನಿಸಬೇಕಾದದ್ದು

ಮೌಂಟಿಂಗ್ ಬಿಚ್ಚುವ ಮುಂಚೆ ಎಂಜಿನ್ನಿನ ಭಾರವನ್ನು ಬೇರೆಡೆ ಹೊರಿಸಬೇಕು. ಆಯಿಲ್ ತೊಟ್ಟಿಯ ಕೆಳಗೆ ಜಾಕನ್ನು ನೇರವಾಗಿ ಕೊಟ್ಟರೆ ತಗಡು ತಗ್ಗಾಗಿ ಆಯಿಲ್ ಪಂಪಿನ ಬಾಯಿ ಮುಚ್ಚಬಹುದು. ನಡುವೆ ದಪ್ಪ ಮರದ ಹಲಗೆ ಇರಲೇಬೇಕು. ಜಾಕಿನ ಮೇಲಷ್ಟೇ ನಿಂತ ವಾಹನದ ಕೆಳಗೆ ಯಾರೂ ಹೋಗಕೂಡದು. ಇಟ್ಟಿಗೆ, ಸೈಜುಗಲ್ಲು ಜೋಡಿಸಿ ಮಾಡಿದ ಆಸರೆಯನ್ನು ನಂಬುವಂತಿಲ್ಲ, ಭಾರ ಬಿದ್ದಾಗ ಇಟ್ಟಿಗೆ ಒಮ್ಮೆಗೇ ಸಿಡಿಯುತ್ತದೆ. ಕಬ್ಬಿಣದ ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸವನ್ನು ಗ್ಯಾರೇಜಿಗೆ ಬಿಡುವುದೇ ಲೇಸು.

ಹಳೆಯ ಟೈರಿನ ತುಂಡು ಕತ್ತರಿಸಿ ಇಡುವುದು, ಹರಿದದ್ದಕ್ಕೆ ಕಬ್ಬಿಣದ ಪಟ್ಟಿ ಬೆಸುಗೆ ಹಾಕುವುದು ಊರಿಗೆ ತಲುಪುವ ಮಟ್ಟಿಗೆ ಸರಿ. ಟೈರಿನೊಳಗೆ ನೂಲಿನ ಪದರಗಳಿರುವುದರಿಂದ ಅದು ಮೌಂಟಿಂಗಿನ ರಬ್ಬರಿನಂತೆ ಬಾಗುವುದಿಲ್ಲ. ಕಂಪನವೆಲ್ಲ ಚಾಸಿಗೆ ಇಳಿದು ಬ್ರಾಕೆಟ್ಟು, ರೇಡಿಯೇಟರಿನ ಕಾಲುಗಳು ಬಿರುಕು ಬಿಡುತ್ತವೆ. ಒಂದು ಹರಿದಾಗ ಉಳಿದವುಗಳನ್ನೂ ಪರೀಕ್ಷಿಸಿ, ಜೊತೆಯದು ಅದೇ ವಯಸ್ಸಿನದಾಗಿದ್ದು ಕುಸಿದಿದ್ದರೆ ಎರಡನ್ನೂ ಒಟ್ಟಿಗೆ ಹಾಕಿಸಬೇಕು.

ಹೊಸದನ್ನು ಕೂರಿಸಿದ ಮೇಲೆ ಬೋಲ್ಟುಗಳನ್ನು ಒಂದೇ ಸಲಕ್ಕೆ ಪೂರ್ತಿ ಬಿಗಿಯಬಾರದು. ಎಲ್ಲವನ್ನೂ ಕೈಯಿಂದ ಹಿಡಿಸಿ, ಜಾಕು ಇಳಿಸಿ, ಎಂಜಿನ್ನನ್ನು ಸ್ವಲ್ಪ ಅಲುಗಾಡಿಸಿ ತನ್ನ ಜಾಗದಲ್ಲಿ ಕೂರಲು ಬಿಟ್ಟು, ಆಮೇಲೆ ತಯಾರಕರ ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಬಿಗಿಯಬೇಕು. ಎಂಜಿನ್ ಓರೆಯಾಗಿದ್ದಾಗ ಬಿಗಿದರೆ ಹೊಸ ರಬ್ಬರು ಮೊದಲ ದಿನದಿಂದಲೇ ತಿರುಚಿಕೊಂಡಿದ್ದು ನಡುಕ ಹಾಗೆಯೇ ಉಳಿಯುತ್ತದೆ. ಕ್ಲಚ್ ಕೇಬಲ್ಲಿನ ಸಡಿಲವನ್ನು ಮತ್ತೊಮ್ಮೆ ಸರಿಪಡಿಸಿ, ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ತಂತಿ ಮತ್ತೆ ಜೋಡಣೆಯಾಗಿದೆಯೇ ಎಂದು ನೋಡಬೇಕು. ವಾಹನವನ್ನು ಹೇರಿನೊಂದಿಗೆ ನಾಲ್ಕಾರು ದಿನ ಓಡಿಸಿದ ಮೇಲೆ ಅದೇ ಬೋಲ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ಬಿಗಿತ ನೋಡತಕ್ಕದ್ದು.